ತಾರ್ಕ್ವಿನಿಯಾದ ರೆಕ್ಕೆಯ ಕುದುರೆಗಳು ಅಮೃತಶಿಲೆಯವಲ್ಲ

ಇಟಲಿಯ ತಾರ್ಕ್ವಿನಿಯಾ ಸಂಗ್ರಹಾಲಯದ ರೆಕ್ಕೆಯ ಕುದುರೆಗಳ ಚಿತ್ರವೊಂದು ‘ಗ್ರೀಕರು ಅಮೃತಶಿಲೆಯಲ್ಲಿ ಕೆತ್ತಿದ ಪೆಗಾಸಸ್’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿದೆ. ಇದು ತಪ್ಪು. ಇವು ಕ್ರಿ.ಪೂ. 4ನೇ ಶತಮಾನದ ಎಟ್ರುಸ್ಕನ್ (ಪ್ರಾಚೀನ ಇಟಲಿಯ ಒಂದು ಜನಾಂಗ) ಕಲಾವಿದರು ಜೇಡಿಮಣ್ಣಿನಲ್ಲಿ ರೂಪಿಸಿ, ಸುಟ್ಟು, ಬಣ್ಣ ಬಳಿದ ಉಬ್ಬುಶಿಲ್ಪ. ಗ್ರೀಕ್ ಪುರಾಣದ ರೆಕ್ಕೆಯ ಕುದುರೆ ಪೆಗಾಸಸ್ ಒಂಟಿ. ಇಲ್ಲಿರುವುದು ಜೋಡಿ, ಅದೂ ರಥಕ್ಕೆ ಹೂಡಿದ್ದು. ರಥ ಉಳಿದಿಲ್ಲ, ಗೊಂದಲಕ್ಕೆ ಅದೇ ಕಾರಣವಿರಬಹುದು.

ಎಟ್ರುಸ್ಕನ್ ದೇಗುಲಗಳ ಮೇಲ್ಭಾಗ ಮರದ್ದು. ತೊಲೆಗಳ ತುದಿಯನ್ನು ಮಳೆಯಿಂದ ಕಾಯಲು ಸುಟ್ಟಮಣ್ಣಿನ ಫಲಕಗಳನ್ನು ಹೊದಿಸುತ್ತಿದ್ದರು. ಈ ಕುದುರೆಗಳೂ ‘ಆರಾ ದೆಲ್ಲಾ ರೆಜಿನಾ’ ದೇಗುಲದ ಮುಂಭಾಗದ ಅಂಥದೇ ಫಲಕದಲ್ಲಿದ್ದವು. 1938ರಲ್ಲಿ ಚೂರುಚೂರಾಗಿ ಸಿಕ್ಕಿದ್ದನ್ನು ತಾಳ್ಮೆಯಿಂದ ಜೋಡಿಸಿದ್ದಾರೆ. ಮಣ್ಣಿನಲ್ಲಿ ಇಷ್ಟು ಬಿಗಿಯಾದ ಸ್ನಾಯುಗಳನ್ನು ಮೂಡಿಸಿದ ಕೈಗಳ ಹೆಸರು ಅಳಿಸಬಾರದು. ದಯವಿಟ್ಟು ಒಕ್ಕಣೆ ತಿದ್ದಿಯೇ ಹಂಚಿರಿ.