ಕಾಯಿಸಿ ಕಾಯಿಸಿ ಕೊಟ್ಟ ಕ್ಷಮೆ

ಜುಲೈ 1 ಕೆನಡಾ ಡೇ. ನಮ್ಮ ಟೊರೊಂಟೊ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆಯಿಂದಲೇ ಮೇಪಲ್ ಎಲೆ, ಪಟಾಕಿ ವಿಡಿಯೊ, ಪಾರ್ಕಿನಲ್ಲಿ ತಿಂದ ಚಿತ್ರಾನ್ನದ ಫೋಟೊ. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ. ಇದೇ ದಿನವನ್ನು ಇಲ್ಲಿನ ಚೀನೀಯರು ಒಂದು ಕಾಲದಲ್ಲಿ ‘ಅವಮಾನದ ದಿನ’ ಅಂತ ಕರೆದು ಅಂಗಡಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದು ಎಷ್ಟೋ ವರ್ಷದ ಮೇಲೆ.

1923ರ ಜುಲೈ 1ಕ್ಕೆ ಚೀನೀಯರು ಈ ದೇಶಕ್ಕೆ ಬರುವುದನ್ನೇ ತಡೆಯುವ ಕಾನೂನು ಜಾರಿಯಾಯಿತು. 1947ರವರೆಗೂ ಇತ್ತು. ಆ 24 ವರ್ಷದಲ್ಲಿ ಒಳಗೆ ಬಿಟ್ಟಿದ್ದು 50 ಜನರನ್ನೂ ಅಲ್ಲ. ಗಂಡ ಇಲ್ಲಿ ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಾ, ಹೆಂಡತಿ ಮಕ್ಕಳು ಅಲ್ಲಿ ಊರಲ್ಲಿ, ಹಾಗೇ ಮುದುಕರಾದರು.

ಅದಕ್ಕೂ ಮೊದಲಿನದು ತಲೆಗಂದಾಯ, ಚೀನಾದಿಂದ ಒಳಗೆ ಬರಲು ತಲೆಗೆ ಇಷ್ಟು ಅಂತ ಕಟ್ಟಿಸಿಕೊಳ್ಳುತ್ತಿದ್ದ ತೆರಿಗೆ. ಕೆನಡಿಯನ್ ಪೆಸಿಫಿಕ್ ರೈಲು ಹಳಿ ಹಾಕುವಾಗ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಬಂಡೆ ಒಡೆಯಲು ಚೀನಾದಿಂದ ಸಾವಿರಾರು ಕೂಲಿಯವರು ಬೇಕಾಗಿದ್ದರು. 1885ರಲ್ಲಿ ಹಳಿ ಮುಗಿಯಿತು, ಅದೇ ವರ್ಷ ತೆರಿಗೆ ಶುರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುವುದು ಇದಕ್ಕೇ ಅಲ್ವಾ? ಮೊದಲು ತಲೆಗೆ 50 ಡಾಲರ್, 1900ರಲ್ಲಿ 100 ಅಂತ ಮಾಡಿದರು, 1903ರಲ್ಲಿ 500. ಐನೂರು ಅಂದರೆ ಕೂಲಿಯವನ ಎರಡು ವರ್ಷದ ದುಡಿಮೆ. ಅದೇ ಕಾಲದಲ್ಲಿ ಯೂರೋಪಿನಿಂದ ಬಂದವನಿಗೆ ಸರ್ಕಾರ 160 ಎಕರೆ ಜಮೀನನ್ನು ಪುಕ್ಕಟೆ ಅನ್ನುವಷ್ಟು ಕಡಿಮೆಗೆ ಕೊಡುತ್ತಿತ್ತು. ಒಟ್ಟು ಸುಮಾರು 82 ಸಾವಿರ ಜನ ಕಟ್ಟಿದರು. ಖಜಾನೆಗೆ ಬಂದಿದ್ದು 2.3 ಕೋಟಿ ಡಾಲರ್.

ಆ ದುಡ್ಡು ವಾಪಸ್ ಕೊಡಬೇಕು ಅಂದಾಗ, ‘ಯಾವನೋ ಯಾವತ್ತೋ ಮಾಡಿದ ತಪ್ಪಿಗೆ ಈಗ ನಾವ್ಯಾಕೆ ದುಡ್ಡು ಕೊಡಬೇಕು’ ಅಂತ ಇಲ್ಲಿ ಬಿಳಿಯರು ಕೇಳಿದರೆ ಒಂದು ರೀತಿ ಅರ್ಥವಾಗುತ್ತೆ, ನಮ್ಮವರೂ ಕೇಳುತ್ತಾರೆ! ಅಲ್ಲ ಸ್ವಾಮಿ, ದುಡ್ಡು ತಗೊಂಡಿದ್ದು ಯಾರದೋ ತಾತ ಅಲ್ಲ, ಸರ್ಕಾರ. ಸರ್ಕಾರಕ್ಕೆ ಸಾವಿಲ್ಲ, ಅದರ ಹಳೇ ಸಾಲಗಳನ್ನೆಲ್ಲ ಹೊಸಬರು ತೀರಿಸುತ್ತಲೇ ಇರುತ್ತಾರೆ. ಇಲ್ಲಿ ರಸೀತಿ ಬೇರೆ ಇದೆ. ನಂಬರ್ ಹಾಕಿ, ಫೋಟೊ ಅಂಟಿಸಿ, ಸರ್ಕಾರವೇ ಕೊಟ್ಟ ಸರ್ಟಿಫಿಕೇಟು. ಅದನ್ನು ಟ್ರಂಕಿನಲ್ಲಿ ಜೋಪಾನ ಮಾಡಿಟ್ಟ ಮನೆಗಳಿವೆ.

1984ರಲ್ಲಿ ವ್ಯಾಂಕೂವರ್‌ನ ಸಂಸದೆ ಮಾರ್ಗರೆಟ್ ಮಿಚೆಲ್ ಈ ದುಡ್ಡು ವಾಪಸ್ ಕೊಡಿ ಅಂತ ಸಂಸತ್ತಿನಲ್ಲಿ ಕೇಳಿದರು. ಆಮೇಲೆ ತೆರಿಗೆ ಕಟ್ಟಿದವರು, ಅವರ ಹೆಂಡತಿ ಮಕ್ಕಳು ಅಂತ 4,000ಕ್ಕೂ ಹೆಚ್ಚು ಜನ ಹೆಸರು ಬರೆಸಿದರು. 1988ರಲ್ಲಿ ಜಪಾನಿ ಮೂಲದವರಿಗೆ ಪರಿಹಾರ ಸಿಕ್ಕಿತು, ಎರಡನೇ ಮಹಾಯುದ್ಧದ ಕಾಲದಲ್ಲಿ ಕೂಡಿಹಾಕಿದ್ದಕ್ಕೆ ತಲಾ 21,000 ಡಾಲರ್. ಚೀನೀಯರಿಗೆ ಇಲ್ಲ. ಕೋರ್ಟಿಗೆ ಹೋದರು. ಹಕ್ಕುಗಳ ಚಾರ್ಟರ್ (ಕೆನಡಾ ಸಂವಿಧಾನದ ಮೂಲಭೂತ ಹಕ್ಕುಗಳ ಭಾಗ) ಬಂದಿದ್ದು 1982ರಲ್ಲಿ, ಹಿಂದಿನದಕ್ಕೆ ಅದು ಅನ್ವಯಿಸಲ್ಲ ಅಂತ ಕೇಸು ಬಿದ್ದುಹೋಯಿತು. 2005ರಲ್ಲಿ 80 ದಾಟಿದ ಗಿಮ್ ವಾಂಗ್, ಎರಡನೇ ಮಹಾಯುದ್ಧದಲ್ಲಿ ಕೆನಡಾದ ವಾಯುಪಡೆಯಲ್ಲಿದ್ದವರು, ಮೋಟರ್ ಸೈಕಲ್ ಹತ್ತಿ ವಿಕ್ಟೋರಿಯಾದಿಂದ ಒಟ್ಟಾವಾಕ್ಕೆ ಹೊರಟೇಬಿಟ್ಟರು. ಅಪ್ಪ ಅಮ್ಮ ಕಟ್ಟಿದ್ದ ತೆರಿಗೆಯ ನ್ಯಾಯ ಕೇಳಲು ಇಡೀ ದೇಶ ದಾಟಿಕೊಂಡು. ಈ ಅಜ್ಜನನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ.

ಕೊನೆಗೆ 2006ರ ಜೂನ್ 22ಕ್ಕೆ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಚೀನೀಯರ ಕ್ಯಾಂಟನೀಸ್ ಭಾಷೆಯಲ್ಲೂ ಒಂದು ಮಾತು ಹೇಳಿದರು. ಒಳ್ಳೆಯದೇ, ಅದನ್ನು ನಾನು ಸಣ್ಣದು ಅನ್ನಲ್ಲ. ಆದರೆ ದುಡ್ಡಿನ ಷರತ್ತು ನೋಡಿ: ತೆರಿಗೆ ಕಟ್ಟಿದವರು ಬದುಕಿದ್ದರೆ 20,000 ಡಾಲರ್, ಅವರಿಲ್ಲದಿದ್ದರೆ ಬದುಕಿರುವ ಹೆಂಡತಿಗೆ. ಇಬ್ಬರೂ ಹೋಗಿದ್ದರೆ ಮಕ್ಕಳಿಗೆ ಏನೂ ಇಲ್ಲ. ಹೀಗೆ ಸಿಕ್ಕಿದ್ದು 800ಕ್ಕೂ ಕಡಿಮೆ ಜನಕ್ಕೆ. ಲೆಕ್ಕ ಹಾಕಿ, 1.6 ಕೋಟಿ ಡಾಲರ್ ಕೂಡ ದಾಟಲ್ಲ. ವಸೂಲಿ ಮಾಡಿದ್ದು 2.3 ಕೋಟಿ, ಅದೂ ನೂರು ವರ್ಷದ ಹಿಂದಿನ ಡಾಲರು. ಸಮುದಾಯದ ಕಾರ್ಯಕ್ರಮಗಳಿಗೆ ಅಂತ ಬೇರೆ ಹಣ ಇಟ್ಟರು, ಹೌದು. ಆದರೆ ರಸೀತಿ ಇದ್ದಿದ್ದು ಸಮುದಾಯದ ಹೆಸರಲ್ಲಲ್ಲ. ಕೇಳಿದಾಗಲೇ ಕೊಟ್ಟಿದ್ದರೆ ಎಷ್ಟು ಜನಕ್ಕೆ ಕೊಡಬೇಕಾಗುತ್ತಿತ್ತು? ಇಪ್ಪತ್ತೆರಡು ವರ್ಷ ತಡ ಮಾಡಿ ಸರ್ಕಾರ ದುಡ್ಡು ಉಳಿಸಿಕೊಂಡಿತು. ಬೇಕಂತಲೇ ಮಾಡಿದರೋ ಇಲ್ಲವೋ, ಲೆಕ್ಕ ಮಾತ್ರ ಅದೇ.

ಕೆನಡಾವನ್ನು ಬೈಯುವುದು ಸುಲಭ. ನಮ್ಮದೂ ಒಂದು ಬಾಕಿ ಇದೆ. ಟೊರೊಂಟೊದ ಸ್ಕಾರ್ಬರೋದಲ್ಲಿರುವ ಹಕ್ಕಾ (ಭಾರತದ ರುಚಿಯ ಚೀನೀ ಅಡುಗೆಯ) ಹೋಟೆಲುಗಳಲ್ಲಿ ನಾವು ಆಸೆಪಟ್ಟು ಮಂಚೂರಿ ತಿನ್ನುತ್ತೇವಲ್ಲ, ಅಂಥ ಕಡೆ ಗಲ್ಲಾದ ಹಿಂದೆ ಕೂತು ಹಿಂದಿಯಲ್ಲಿ ಮಾತಾಡಿಸುವ ಹಿರಿಯರು ಭಾರತದಲ್ಲೇ ಹುಟ್ಟಿದ ಚೀನೀಯರು. 1962ರ ಯುದ್ಧದ ಹೊತ್ತಿಗೆ ಅಸ್ಸಾಮಿನ ಮಾಕುಮ್, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯಿಂದ ಇವರಂಥ ಸುಮಾರು 3,000 ಜನರನ್ನು ಹಿಡಿದು ರೈಲಿನಲ್ಲಿ ರಾಜಸ್ಥಾನದ ದೇವಲಿ ಕ್ಯಾಂಪಿಗೆ ತಂದು ಕೂಡಿಹಾಕಿದರು. ವಿಚಾರಣೆ ಇಲ್ಲ, ಏನಿಲ್ಲ. ಕೈಗೂಸುಗಳೂ ಇದ್ದವು. ಯುದ್ಧ ಒಂದು ತಿಂಗಳಲ್ಲಿ ಮುಗಿಯಿತು, ಕೆಲವರು ಹೊರಗೆ ಬಂದಿದ್ದು 1967ರಲ್ಲಿ. ಬರುವಷ್ಟರಲ್ಲಿ ಎಷ್ಟೋ ಜನರ ಮನೆ, ಅಂಗಡಿ ಹರಾಜಾಗಿತ್ತು. ಹಾಗೆ ಕ್ಯಾಂಪಿನಲ್ಲಿದ್ದ ಕೆಲವರು ಈಗ ಟೊರೊಂಟೊದಲ್ಲೇ ಇದ್ದಾರೆ, ಸಂಘ ಕಟ್ಟಿಕೊಂಡು ಭಾರತ ಸರ್ಕಾರ ಕ್ಷಮೆ ಕೇಳಬೇಕು ಅನ್ನುತ್ತಿದ್ದಾರೆ. ಆಗ ಹತ್ತು ವರ್ಷದ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.

ರಾಜ್ಯೋತ್ಸವಕ್ಕೆ ಅವರಲ್ಲಿ ಒಬ್ಬರನ್ನು ಕರೆದು ಹತ್ತು ನಿಮಿಷ ಮಾತಾಡಿಸೋಣ ಅಂತ ಮೊನ್ನೆ ಗ್ರೂಪಿನಲ್ಲಿ ಹಾಕಿದೆ. ಎರಡು ಹೆಬ್ಬೆಟ್ಟು ಬಂತು. ಆಮೇಲೆ ಒಬ್ಬರು, ‘ರಾಜಕೀಯ ಬೇಡ ಸಾರ್, ಊಟದ ಕೂಪನ್ ಎಷ್ಟು ಅಂತ ಹೇಳಿ.’