ಪಾಪ್ ಕುಡಿದು ಪಾಪ ಕಟ್ಕೊಂಡಿದ್ದು

ಮಿಶಿಗನ್ನಲ್ಲಿ ಸೋಡಾಕ್ಕೆ ಸೋಡಾ ಅನ್ನಲ್ಲ, ಪಾಪ್ ಅಂತಾರೆ. ಬಂದ ಹೊಸದರಲ್ಲಿ ಹೋಟೆಲಲ್ಲಿ ಒಬ್ಬಾಕೆ "ಪಾಪ್?" ಅಂತ ಕೇಳಿದಾಗ ಯಾರಿಗೆ ಪಾಪ ಅಂತಿದಾಳೆ ಅಂತ ಹಿಂದೆ ತಿರುಗಿ ನೋಡಿದ್ದೆ. ಈಗ ಅದೆಲ್ಲ ಅಭ್ಯಾಸ ಆಗಿದೆ, ಆದ್ರೆ ಕುಡಿದಾದ ಮೇಲೆ ಖಾಲಿ ಬಾಟ್ಲಿ ಏನು ಮಾಡಬೇಕು ಅನ್ನೋ ವಿಷಯದಲ್ಲಿ ಮಾತ್ರ ನಂಗೆ ಇವತ್ತಿಗೂ ಬುದ್ಧಿ ಬಂದಿಲ್ಲ.

ನಮ್ಮ ಪಕ್ಕದ ಮನೆ ಅಜ್ಜನ ಗರಾಜಲ್ಲಿ ಒಂದು ಹಳೇ ಸೋಡಾ ಮಷಿನ್ ಇದೆ. ಕೆಂಪು ಬಣ್ಣ, ನನ್ನೆತ್ತರ, ನಮ್ಮಜ್ಜಿ ಕಬ್ಬಿಣದ ಬೀರು ತರ ಗಟ್ಟಿ. ಒಂದು ಪಕ್ಕಕ್ಕೆ ಉದ್ದಕ್ಕೆ ಸಣ್ಣ ಗಾಜಿನ ಬಾಗಿಲು, ತೆಗೆದ್ರೆ ಒಳಗೆ ಬಾಟ್ಲಿಗಳು ಅಡ್ಡ ಮಲಗಿ ಕತ್ತು ಮಾತ್ರ ಹೊರಗೆ ಚಾಚ್ಕೊಂಡಿರ್ತವೆ. ಕಾಸು ಹಾಕಿ ಒಂದರ ಕತ್ತು ಹಿಡಿದು ಎಳೆದ್ರೆ ಅದು ಬರುತ್ತೆ, ಉಳಿದವು ಲಾಕ್. ಹೋದ ಬೇಸಿಗೇಲಿ ಅವರು ನನ್ನ ಕೈಗೆ ಒಂದು ನಿಕಲ್, ಅಂದ್ರೆ 5 ಸೆಂಟ್ ನಾಣ್ಯ ಇಟ್ಟು ಹಾಕು ಅಂದ್ರು. ಹಾಕಿದೆ. ಆರೆಂಜ್ ಎಳೆಯೋಕೆ ಶುರು ಮಾಡಿದೆ, ಅರ್ಧ ಬಂದ ಮೇಲೆ ಬೇಡ ಕೋಲಾನೇ ಇರ್ಲಿ ಅನ್ನಿಸ್ತು, ಬಿಟ್ಟೆ. ಟಕ್ ಅಂತು. ಆರೆಂಜೂ ಇಲ್ಲ, ಕೋಲಾನೂ ಇಲ್ಲ. ಮದುವೆ ಊಟದಲ್ಲಿ ಹೋಳಿಗೆನೋ ಜಿಲೇಬಿನೋ ಅಂತ ಯೋಚಿಸ್ತಾ ಕೂತವನ ಎಲೆ ಬಿಟ್ಟು ಬಡಿಸೋವ್ನು ಮುಂದಕ್ಕೆ ಹೋದ ಹಾಗೆ. ಅಜ್ಜ ಏನೂ ಮಾತಾಡ್ದೆ ಇನ್ನೊಂದು ನಿಕಲ್ ಕೊಟ್ರು.

ಮಷಿನ್ನಲ್ಲೇ ಓಪನರ್ ಇದೆ, ಮುಚ್ಚಳ ತೆಗೆದ್ರೆ ಒಳಗಡೆ ಡಬ್ಬಿಗೆ ಠಣ್ ಅಂತ ಬೀಳುತ್ತೆ. ಕುಡಿದೆ, ಥ್ಯಾಂಕ್ಸ್ ಹೇಳಿದೆ, ಒಳ್ಳೆ ಮನೆತನದ ಹುಡುಗ ನಾನು, ಎಂಜಲು ಬಾಟ್ಲಿ ಇನ್ನೊಬ್ರ ಮನೇಲಿ ಬಿಟ್ಟು ಹೋಗೋದಾ, ತೊಳೆದು ತಂದ್ಕೊಡೋಣ ಅಂತ ಹಿಡ್ಕೊಂಡು ಹೊರಟೆ. ಗೇಟು ದಾಟಿಲ್ಲ, ಹಿಂದಿನಿಂದ ಕೂಗು: "ಬಾಟ್ಲಿ ಎಲ್ಲಿಗೆ ಹೊರಟಿತು?!"

ಎಂಬತ್ತು ದಾಟಿದ ಮನುಷ್ಯ, ಆ ಧ್ವನಿ ಎಲ್ಲಿಂದ ಬಂತೋ. ಹುಡುಗನಾಗಿದ್ದಾಗ ಪೆಟ್ರೋಲ್ ಬಂಕಲ್ಲಿ ಕೆಲಸ ಮಾಡ್ತಿದ್ರಂತೆ, ದಿನಕ್ಕೆ ಹತ್ತು ಸಲ ಹೀಗೇ ಕೂಗ್ತಿದ್ರಂತೆ. ಆಮೇಲೆ ಕೂರಿಸಿ ಲೆಕ್ಕ ಹೇಳಿದ್ರು.

ಕೋಕಾ-ಕೋಲಾ 1886ರಿಂದ 1950ರ ದಶಕದವರೆಗೂ 5 ಸೆಂಟೇ. ಆರೂವರೆ ಔನ್ಸ್ ಬಾಟ್ಲಿ, ಹೆಚ್ಚುಕಮ್ಮಿ ನಮ್ಮ 200 ಎಂಎಲ್ ಬಾಟ್ಲಿ ಗಾತ್ರ. ಅಂಗಡಿಯಿಂದ ಮನೆಗೆ ಒಯ್ದ್ರೆ ಬಾಟ್ಲಿಗೆ 2 ಸೆಂಟ್ ಡಿಪಾಸಿಟ್ ಬೇರೆ, ಖಾಲಿ ತಂದ್ಕೊಟ್ರೆ ವಾಪಸ್. ಆದ್ರೆ ಮಷಿನ್ನಿಗೆ ಗೊತ್ತಿದ್ದಿದ್ದು ನಿಕಲ್ ಒಂದೇ. ಅದು 7 ಸೆಂಟ್ ಇಸ್ಕೊಂಡು, ಬಾಟ್ಲಿ ನೋಡಿ, 2 ಸೆಂಟ್ ಚಿಲ್ಲರೆ ಎಣಿಸಿ ಕೊಡೋದೆಲ್ಲಿ ಬಂತು? ಹಂಗಾಗಿ ಮಷಿನ್ನಲ್ಲಿ ಡಿಪಾಸಿಟ್ಟೇ ಇಲ್ಲ. ಪಕ್ಕದಲ್ಲಿ ಒಂದು ಮರದ ಕ್ರೇಟ್ ಇಡೋದು, ಜನ ಅಲ್ಲೇ ನಿಂತು ಕುಡಿದು ಅದಕ್ಕೆ ಸಿಗಿಸಿ ಹೋಗೋದು, ಅಷ್ಟೇ ಸಿಸ್ಟಮ್ಮು. ಡಿಪಾಸಿಟ್ ಕಟ್ಟಿರ್ತಿದ್ದಿದ್ದು ಬಂಕ್ ಓನರ್ರು, 24 ಬಾಟ್ಲಿ ಕ್ರೇಟಿಗೆ 48 ಸೆಂಟ್. ನನ್ನಂಥ ಒಳ್ಳೆ ಮನೆತನದ ಹುಡುಗ ಒಬ್ಬ ಬಾಟ್ಲಿ ಹಿಡ್ಕೊಂಡು ಕಾರ್ ಹತ್ತಿದ್ರೆ ಅವರ ಜೇಬಿಂದ 2 ಸೆಂಟ್ ಹೋಯ್ತು ಅಂತಲೇ ಅರ್ಥ. ಸುತ್ತಮುತ್ತಲ ಹುಡುಗ್ರಿಗೆ ಇದೇ ಸಂಪಾದನೆ ಬೇರೆ, ರಸ್ತೆ ಪಕ್ಕದ ಮೋರಿ ಹುಡುಕಿ ಬಾಟ್ಲಿ ಆಯ್ದು ಅಂಗಡಿಗೆ ಕೊಟ್ಟು ಕಾಸು ಮಾಡ್ಕೊಳ್ತಿದ್ರು. ಇನ್ನೂ ಚುರುಕಾದವ್ರು ಮಷಿನ್ ಬಾಗಿಲು ತೆಗೆದು, ಲಾಕ್ ಆಗಿ ಮಲಗಿರೋ ಬಾಟ್ಲಿ ಮುಚ್ಚಳಾನ ಅಲ್ಲೇ ಕಿತ್ತು, ಕೆಳಗೆ ಲೋಟ ಹಿಡಿದು ತುಂಬಿಸ್ಕೊಳ್ತಿದ್ರಂತೆ. ಇದನ್ನ ಹೇಳೋವಾಗ ಅಜ್ಜನ ಮುಖದಲ್ಲಿದ್ದ ಖುಷಿ ನೋಡಿದ್ರೆ ಬರೀ ಕೇಳಿದ್ದಲ್ಲ ಅನ್ನಿಸ್ತು.

ಬೆಲೆ ಏರಿಸೋಕೂ ಈ ನಿಕಲ್ಲೇ ಅಡ್ಡಗಾಲು. ಮಷಿನ್ನಿಗೆ ಇನ್ನೊಂದು ನಾಣ್ಯ ಅಂದ್ರೆ 10 ಸೆಂಟಿಂದು, ಒಂದೇ ಸಲಕ್ಕೆ ಡಬಲ್ ರೇಟ್. 1953ರಲ್ಲಿ ಕಂಪನಿಯ ವುಡ್ರಫ್ ಅವ್ರು ಪ್ರೆಸಿಡೆಂಟ್ ಐಸೆನ್‌ಹೋವರ್ ಅವ್ರಿಗೇ ಕೇಳಿಬಿಟ್ರು, ಏಳೂವರೆ ಸೆಂಟಿನ ನಾಣ್ಯ ಒಂದು ಹೊಡೆಸ್ಕೊಡಿ ಅಂತ. ಸರ್ಕಾರ ಕೊಡ್ಲಿಲ್ಲ. ಇದಕ್ಕಿಂತ ಚೆನ್ನಾಗಿರೋದು ಇನ್ನೊಂದು ಐಡಿಯಾ: ಪ್ರತಿ ಒಂಬತ್ತು ಬಾಟ್ಲೀಲಿ ಒಂದನ್ನ ಖಾಲಿ ಇಡೋದು! ಸಿಕ್ಕವನು ಹಣೆಬರಹ ಅಂತ ಇನ್ನೊಂದು ನಿಕಲ್ ಹಾಕಬೇಕು, ಸರಾಸರಿ 5.625 ಸೆಂಟ್ ಬಿದ್ದ ಹಾಗಾಯ್ತು. ದೇಶದ ತುಂಬ ಇದನ್ನ ತರ್ಲಿಲ್ಲ ಬಿಡಿ. ನಮ್ಮೂರಲ್ಲಿ ಯಾರಾದ್ರೂ ಹೀಗೆ ಖಾಲಿ ಬಾಟ್ಲಿ ಕೊಟ್ಟಿದ್ರೆ ಮಷಿನ್ ಊರ ಕೆರೇಲಿ ತೇಲ್ತಿತ್ತು.

ನಮ್ಮೂರು ಅಂದ್ರೆ ಅರಸೀಕೆರೆ. ಅಲ್ಲಿ ಮಷಿನ್ ಎಲ್ಲಿಂದ ಬರ್ಬೇಕು, ಅಂಗಡಿ ಶೆಟ್ಟರ ಕಣ್ಣೇ ಮಷಿನ್ನು. ನೆಂಟರು ಬಂದಾಗ ಅಮ್ಮ ಗೋಲ್ಡ್ ಸ್ಪಾಟ್ ತರೋಕೆ ಕಳಿಸೋಳು, ಬಾಟ್ಲಿ ದುಡ್ಡು ಬೇರೆ ಇಟ್ಟು ಬರ್ಬೇಕು. ಒಂದು ಸಲ ನಾಲ್ಕು ತಂದೆ, ಮೂರು ವಾಪಸ್ ಕೊಟ್ಟೆ. ನಾಲ್ಕನೇದಕ್ಕೆ ಅಮ್ಮ ಸೀಮೆಎಣ್ಣೆ ತುಂಬಿ ಒಲೆ ಪಕ್ಕ ಇಟ್ಬಿಟ್ಟಿದ್ಲು. ತಿಂಗಳ ಮೇಲೆ ನೆನಪಾಗಿ, ಬೂದಿ ಹಾಕಿ ಉಜ್ಜಿ ತೊಳೆದು ಒಯ್ದೆ. ಶೆಟ್ಟರು ಮೂಗಿನ ಹತ್ರ ಹಿಡಿದು, ಕಣ್ಣು ಮುಚ್ಚಿ, ಮತ್ತೆ ತೆಗೆದು "ಏನ್ ಮರಿ, ಹೊಸ ಫ್ಲೇವರಾ?" ಅಂದ್ರು. ಅಂಗಡಿ ತುಂಬ ಜನ. ಡಿಪಾಸಿಟ್ ಕೇಳದೆ ಓಡಿಬಂದೆ.

ಇಲ್ಲಿ ಮಿಶಿಗನ್ನಲ್ಲಿ ಈಗ ಕಾನೂನೇ ಇದೆ, 1976ರಲ್ಲಿ ಜನ ಓಟ್ ಹಾಕಿ ಮಾಡ್ಕೊಂಡಿದ್ದು, ಕ್ಯಾನಿಗೆ, ಬಾಟ್ಲಿಗೆ 10 ಸೆಂಟ್ ಡಿಪಾಸಿಟ್. ಸೂಪರ್ ಮಾರ್ಕೆಟ್ಟಲ್ಲಿ ಖಾಲಿ ನುಂಗಿ ಚೀಟಿ ಕೊಡೋ ಉಲ್ಟಾ ಮಷಿನ್ಗಳಿವೆ. ಮೊದಲ ವರ್ಷ ಒಂದು ಮೂಟೆ ಕ್ಯಾನು ಕೂಡಿಟ್ಟು, ಜಾಗ ಉಳೀಲಿ ಅಂತ ಒಂದೊಂದನ್ನೂ ಗ್ಯಾರೇಜಲ್ಲಿ ಕಾಲಲ್ಲಿ ತುಳಿದು ಹಪ್ಪಳ ಮಾಡಿ ಒಯ್ದೆ. ಮಷಿನ್ ಓದೋದು ಬಾರ್‌ಕೋಡನ್ನ, ಹಪ್ಪಳನ ಅಲ್ಲ. ಒಂದು ಹಾಕ್ದೆ, ಉಗುಳ್ತು. ಇನ್ನೊಂದು, ಉಗುಳ್ತು. ಕುಡಿಯೋ ನೀರಿನ ಬಾಟ್ಲಿ ಹಾಕ್ದೆ, ಅದಕ್ಕೆ ಡಿಪಾಸಿಟ್ಟೇ ಇಲ್ಲವಂತೆ, ಅದನ್ನೂ ಉಗುಳ್ತು. ಹಿಂದೆ ಕ್ಯೂ. ಅಲ್ಲೇ ಕೂತು ಹಪ್ಪಳಗಳನ್ನ ಉಬ್ಬಿಸೋಕೆ ನೋಡಿದೆ, ಹೆಂಡತಿ ಸೊಪ್ಪು ತರ್ತೀನಿ ಅಂತ ಹೋದವಳು ನಂಗೂ ಅವಳಿಗೂ ಸಂಬಂಧವೇ ಇಲ್ಲದ ಹಾಗೆ ಇನ್ನೊಂದು ಬಾಗಿಲಿಂದ ಹೊರಗೆ ಹೋದ್ಲು. ಕೊನೆಗೆ ಸಿಕ್ಕಿದ್ದು 40 ಸೆಂಟ್.

ಅಜ್ಜನ ಕ್ರೇಟಿಗೆ ವಾಪಸ್ ಬರ್ತೀನಿ. ಹಳೇ ಬಾಟ್ಲಿಗಳ ತಳದಲ್ಲಿ ತುಂಬಿಸಿದ ಊರಿನ ಹೆಸರು ಉಬ್ಬಕ್ಷರದಲ್ಲಿ ಇರುತ್ತೆ. ಬಂಕಲ್ಲಿ ಎಲ್ಲರೂ ಒಂದೊಂದು ಬಾಟ್ಲಿ ಎಳೆದು ಉಲ್ಟಾ ಮಾಡಿ ನೋಡ್ತಿದ್ರಂತೆ, ಯಾರದ್ದು ದೂರದ ಊರಿಂದೋ ಅವ್ನು ಗೆದ್ದ, ಹತ್ತಿರದೋವ್ನು ಎಲ್ಲರ ದುಡ್ಡು ಕೊಡ್ಬೇಕು. ಇದನ್ನ ಕೇಳಿದ್ದೇ ತಡ ಮನೆಗೆ ಓಡಿ, ಶೋಕೇಸಲ್ಲಿದ್ದ, ಊರಿಂದ ಬಟ್ಟೇಲಿ ಸುತ್ತಿ ತಂದಿದ್ದ ಗೋಲಿ ಸೋಡಾ ಬಾಟ್ಲಿ ತಂದು ಅವರ ಮುಂದೆ ಇಟ್ಟೆ. ಉಲ್ಟಾ ಮಾಡಿದ್ರು, ಗೋಲಿ ಲೊಟಕ್ ಅಂತು, ತಳದಲ್ಲಿ ಊರೂ ಇಲ್ಲ ಕೇರಿಯೂ ಇಲ್ಲ. ಆದ್ರೂ ನೀನೇ ಗೆದ್ದೆ ಅಂತ ಒಂದು ನಿಕಲ್ ಕೊಟ್ಟು, ಬಾಟ್ಲಿನ ಅಭ್ಯಾಸಬಲದಲ್ಲಿ ಕ್ರೇಟಿಗೆ ಸಿಗಿಸಿದ್ರು. ಈಗ ಅದು ಅಲ್ಲೇ ಇದೆ. ವಾಪಸ್ ಕೇಳೋಕೆ ಸಂಕೋಚ, ಡಿಪಾಸಿಟ್ ಇಸ್ಕೊಳ್ಳೋದು ಮರ್ತೇಹೋಯ್ತು.