ಕಾರ್ನೀಲಿಯಾ ಫೋರ್ಟ್ ಅವರಿಗೆ ಅನುಭವ ಇರಲಿಲ್ಲವಾ?

1943ರ ಟೆಕ್ಸಾಸ್ ವಿಮಾನ ಅಪಘಾತದಲ್ಲಿ ಅಮೆರಿಕದ ಮಹಿಳಾ ಪೈಲಟ್ ಕಾರ್ನೀಲಿಯಾ ಫೋರ್ಟ್ ಸತ್ತಿದ್ದಕ್ಕೆ 'ಅನುಭವದ ಕೊರತೆ' ಕಾರಣ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಖಂಡಿತ ಒಪ್ಪುವುದಿಲ್ಲ. ಆಕೆ ಕಲಿಯುತ್ತಿದ್ದವರಲ್ಲ, ಕಲಿಸುತ್ತಿದ್ದವರು. 1941ರ ಡಿಸೆಂಬರ್ 7ರ ಬೆಳಿಗ್ಗೆ ಹವಾಯಿಯಲ್ಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ಶುರುವಾದಾಗ ಹೊನೊಲುಲು ಆಕಾಶದಲ್ಲಿ ವಿದ್ಯಾರ್ಥಿಗೆ ಪಾಠ ಹೇಳುತ್ತಿದ್ದರು, ಎದುರಿಗೇ ನುಗ್ಗಿ ಬಂದ ಜಪಾನಿ ವಿಮಾನ ತಪ್ಪಿಸಲು ಕಂಟ್ರೋಲ್ ಕಿತ್ತುಕೊಂಡು ಮೇಲಕ್ಕೆ ಎಳೆದು, ಆಮೇಲೆ ಗುಂಡಿನ ನಡುವೆಯೇ ಸುರಕ್ಷಿತವಾಗಿ ಇಳಿಸಿದರು. ಇಂಥವರಿಗೆ ಅನುಭವ ಇರಲಿಲ್ಲವಾ?

1943ರ ಮಾರ್ಚ್ 21ರಂದು ಸೇನೆಯ ಬಿಟಿ-13 ತರಬೇತಿ ವಿಮಾನಗಳನ್ನು ಹಾರಿಸಿಕೊಂಡು ಸಾಗಿಸುವಾಗ, ತೀರಾ ಹತ್ತಿರ ಹಾರುತ್ತಿದ್ದ ಇನ್ನೊಂದು ವಿಮಾನದ ಚಕ್ರದ ಭಾಗ ಇವರ ವಿಮಾನದ ರೆಕ್ಕೆಗೆ ತಗುಲಿತು. ಬಿಟಿ-13ರ ಚಕ್ರ ಒಳಗೆ ಮಡಚಿಕೊಳ್ಳುವಂಥದ್ದಲ್ಲ, ಯಾವಾಗಲೂ ಕೆಳಗೇ ಚಾಚಿಕೊಂಡಿರುತ್ತದೆ. ಹತ್ತಿರ ಬಂದವರ ತಪ್ಪನ್ನು ಸತ್ತವರ ತಲೆಗೆ ಕಟ್ಟಬೇಡಿ.

ಇನ್ನೊಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗಾಗಿ ಹೀಗೆ ವಿಮಾನ ಹಾರಿಸಿದ ಮಹಿಳಾ ಪೈಲಟ್‌ಗಳಲ್ಲಿ 38 ಮಂದಿ ಸತ್ತರು. ಅವರನ್ನು ಸೇನೆಯವರು ಅಂತ ಲೆಕ್ಕಕ್ಕೇ ತೆಗೆದುಕೊಳ್ಳದ ಕಾರಣ, ಹೆಣ ಊರಿಗೆ ಸಾಗಿಸುವ ಖರ್ಚಿಗೂ ಎಷ್ಟೋ ಸಲ ಜೊತೆಯ ಪೈಲಟ್‌ಗಳೇ ಚಂದಾ ಎತ್ತಿದರು. ಮಾಜಿ ಸೈನಿಕರ ಮಾನ್ಯತೆ ಸಿಕ್ಕಿದ್ದು 1977ರಲ್ಲಿ! ಇದನ್ನು ದಯವಿಟ್ಟು ಲೇಖನಕ್ಕೆ ಸೇರಿಸಿ.